ಕಂಪನಿ ಮುಳುಗಿತು, ನಿರ್ದೇಶಕನ ಲೈಸೆನ್ಸ್ ಯಾಕೆ ಹೋಯ್ತು?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಮನೆ ಕಟ್ಟುವ ಕಂಪನಿಯೊಂದು ದಿವಾಳಿಯಾದರೆ ಅದರ ನಿರ್ದೇಶಕ 3 ವರ್ಷ ಕಟ್ಟಡ ಲೈಸೆನ್ಸ್ ಹೊಂದುವಂತಿಲ್ಲ. ಅವನೇ ದುಡ್ಡು ಹೊಡೆದ ಅಂತ ಯಾರೂ ಸಾಬೀತು ಮಾಡಬೇಕಿಲ್ಲ. ಕಂಪನಿಗೆ ಲಿಕ್ವಿಡೇಟರೋ ಅಡ್ಮಿನಿಸ್ಟ್ರೇಟರೋ ನೇಮಕವಾದರು, ಆಗ ಅಥವಾ ಅದಕ್ಕೆ ಹಿಂದಿನ 2 ವರ್ಷಗಳಲ್ಲಿ ಇವನು ನಿರ್ದೇಶಕನಾಗಿದ್ದ, ಇಷ್ಟೇ ಸಾಕು. ಇಂಥವರನ್ನು 1991ರ ಕಾಯ್ದೆ ‘ಹೊರಗಿಡಲ್ಪಟ್ಟ ವ್ಯಕ್ತಿ’ ಎನ್ನುತ್ತದೆ. ಎರಡನೇ ಸಲ ಬೇರೆ ಪ್ರಕರಣದಲ್ಲಿ ಹೀಗಾದರೆ ಬಾಗಿಲು ಶಾಶ್ವತವಾಗಿ ಬಂದ್.

ಕಾರಣ ಸರಳ. ಒಂದು ಕಂಪನಿ ಮುಳುಗಿಸಿ, ಗಾರೆ ಕೆಲಸದವರಿಗೂ ಸಿಮೆಂಟ್ ಕೊಟ್ಟವರಿಗೂ ಕೈ ಎತ್ತಿ, ಮರುದಿನ ಹೊಸ ಹೆಸರಲ್ಲಿ ಬೋರ್ಡ್ ಹಾಕುವುದನ್ನು ತಡೆಯಬೇಕು. ಈ ಕೆಲಸ ಮಾಡುವುದು ಕ್ಯೂಬಿಸಿಸಿ, ಅಂದರೆ ಕ್ವೀನ್ಸ್‌ಲ್ಯಾಂಡ್ ಬಿಲ್ಡಿಂಗ್ ಅಂಡ್ ಕನ್‌ಸ್ಟ್ರಕ್ಷನ್ ಕಮಿಷನ್. 2013ರ ಡಿಸೆಂಬರ್‌ನಲ್ಲಿ ಹಳೆಯ ಪ್ರಾಧಿಕಾರದ ಜಾಗಕ್ಕೆ ಬಂದ ಸಂಸ್ಥೆ.

ಹಾಗಾದರೆ ಪ್ರಶ್ನಿಸೋದು ಹೇಗೆ? ಮೊದಲು ಕಮಿಷನ್ ನೋಟಿಸ್ ಕೊಡುತ್ತದೆ, ಉತ್ತರಿಸಲು 28 ದಿನ. ಉತ್ತರ ಒಪ್ಪದೆ ಲೈಸೆನ್ಸ್ ರದ್ದು ಮಾಡಿದರೆ ಕಮಿಷನ್ ಒಳಗೇ ಮರುಪರಿಶೀಲನೆ ಕೇಳಬಹುದು, ಅದಕ್ಕೂ 28 ದಿನ. ಅಲ್ಲೂ ಸೋತರೆ ಕ್ಯೂಕ್ಯಾಟ್ ಎಂಬ ರಾಜ್ಯ ನ್ಯಾಯಮಂಡಳಿ. ಇದು ನಮ್ಮ ರಿಟ್ ಅರ್ಜಿಯಂತಲ್ಲ. ಹೈಕೋರ್ಟ್ ಸಾಮಾನ್ಯವಾಗಿ ಅಧಿಕಾರಿ ಸರಿಯಾದ ದಾರಿಯಲ್ಲಿ ನಡೆದನೇ ಅಂತ ನೋಡುತ್ತದೆ. ಕ್ಯೂಕ್ಯಾಟ್ ಇಡೀ ವಿಷಯವನ್ನು ಹೊಸದಾಗಿ ಕೇಳಿ, ಅಧಿಕಾರಿಯ ಕುರ್ಚಿಯಲ್ಲೇ ಕೂತು ತೀರ್ಮಾನ ಕೊಡುತ್ತದೆ. ವಕೀಲರನ್ನು ಕರೆತರಲು ಸಾಮಾನ್ಯವಾಗಿ ಮಂಡಳಿಯ ಅನುಮತಿ ಬೇಕು. ಖರ್ಚು ಅವರವರದೇ.

ಕೇಳೋಕೆ ಚೆನ್ನಾಗಿದೆ. ಆದರೆ ಅಲ್ಲಿ ವಾದಿಸಲು ಏನು ಉಳಿದಿದೆ ಅನ್ನೋದೇ ನನ್ನ ತಕರಾರು.

2014ರ ತಿದ್ದುಪಡಿಗೆ ಮೊದಲು ನಿರ್ದೇಶಕನಿಗೊಂದು ದಾರಿ ಇತ್ತು: ‘ಕಂಪನಿ ಮುಳುಗದಂತೆ ಸಾಧ್ಯವಿದ್ದ ಎಲ್ಲ ಕ್ರಮ ತಗೊಂಡಿದ್ದೆ’ ಎಂದು ತೋರಿಸಿ ವಿನಾಯಿತಿ ಕೇಳಬಹುದಿತ್ತು. ಲೆಕ್ಕ ಸರಿಯಾಗಿ ಇಟ್ಟೆನೇ, ಸಲಹೆ ಪಡೆದೆನೇ, ಬರಬೇಕಾದ ಬಾಕಿ ವಸೂಲಿಗೆ ಓಡಾಡಿದೆನೇ ಎಂಬುದಕ್ಕೆಲ್ಲ ಬೆಲೆ ಇತ್ತು. ತಿದ್ದುಪಡಿ ನಿಷೇಧದ ಅವಧಿಯನ್ನು 5ರಿಂದ 3 ವರ್ಷಕ್ಕಿಳಿಸಿ, ಆ ದಾರಿಯನ್ನೇ ಮುಚ್ಚಿತು. ಈಗ ವಾದ ಸತ್ಯಾಂಶಗಳ ಮೇಲೆ ಮಾತ್ರ. ಆ ಕಂಪನಿ ನಿಜಕ್ಕೂ ಕಟ್ಟಡ ಕೆಲಸದ್ದೇ? ರಾಜೀನಾಮೆ ಕೊಟ್ಟ ದಿನಾಂಕ ಯಾವುದು? ದಾಖಲೆಯಲ್ಲಿ ಹೆಸರಿಲ್ಲದಿದ್ದರೂ ಹಿಂದೆ ನಿಂತು ಕಂಪನಿ ನಡೆಸಿದ ‘ಪ್ರಭಾವಿ ವ್ಯಕ್ತಿ’ ಇವನೇನಾ? ಎರಡು ದಿವಾಳಿಗಳು ಒಂದೇ ಸನ್ನಿವೇಶದ ಫಲವೋ, ಬೇರೆ ಬೇರೆಯೋ? ಈ ಕೊನೆಯದು ತುಂಬ ಮುಖ್ಯ, ಏಕೆಂದರೆ ಉತ್ತರದ ಮೇಲೆ 3 ವರ್ಷವೋ ಜೀವನಪೂರ್ತಿಯೋ ನಿಂತಿದೆ. ‘ಯೋಗ್ಯ ವ್ಯಕ್ತಿ ಅಲ್ಲ’ ಎಂದು ಲೈಸೆನ್ಸ್ ತಿರಸ್ಕರಿಸಿದ್ದರೆ ಮಾತ್ರ ನಡತೆ, ಹಿನ್ನೆಲೆ ಎಲ್ಲವನ್ನೂ ಮುಂದಿಡಲು ಜಾಗ ಹೆಚ್ಚು.

ಎಂಜಿನಿಯರಿಂಗ್‌ನಲ್ಲಿ ಒಂದು ತೊಲೆ ಕುಸಿದರೆ ಮೊದಲು ಯಾಕೆ ಕುಸಿಯಿತು ಅಂತ ಹುಡುಕಲು ಕಲಿಸ್ತಾರೆ. ಈ ಕಾನೂನಿಗೆ ಆ ಕುತೂಹಲವೇ ಇಲ್ಲ. ದೊಡ್ಡ ಗುತ್ತಿಗೆದಾರ ಬಿಲ್ ಪಾವತಿಸದೆ ಸತಾಯಿಸಿದ್ದಕ್ಕೆ ಮುಳುಗಿದ ಸಣ್ಣ ಪ್ಲಂಬಿಂಗ್ ಕಂಪನಿಯವನಿಗೂ, ಬೇಕಂತಲೇ ಮುಳುಗಿಸಿದವನಿಗೂ ಒಂದೇ ತಕ್ಕಡಿ. ನನ್ನ ಪ್ರಕಾರ ನಿಷೇಧ ಇರಲಿ, ಆ ಹಳೆಯ ವಿನಾಯಿತಿಯೂ ವಾಪಸ್ ಬರಲಿ. ಸಾಬೀತು ಮಾಡುವ ಹೊರೆ ನಿರ್ದೇಶಕನ ಮೇಲೇ ಇರಲಿ, ಅಡ್ಡಿಯಿಲ್ಲ.

ನಮ್ಮಲ್ಲಿ ಕಥೆ ಉಲ್ಟಾ. 2016ರ ರೇರಾ ಕಾಯ್ದೆ ನೋಂದಾಯಿಸೋದು ಯೋಜನೆಯನ್ನು, ನಿರ್ದೇಶಕನನ್ನಲ್ಲ. ನೋಂದಣಿ ರದ್ದಿಗೆ ಮುನ್ನ ಕನಿಷ್ಠ 30 ದಿನದ ನೋಟಿಸ್, ಮೇಲ್ಮನವಿಗೆ 60 ದಿನ. ರದ್ದಾದರೆ ಪ್ರವರ್ತಕನ ಹೆಸರು, ಫೋಟೊ ಸುಸ್ತಿದಾರರ ಪಟ್ಟಿಯಲ್ಲಿ ಹಾಕಬೇಕು. ಕಂಪನಿ ಅಪರಾಧ ಮಾಡಿದಾಗ 69ನೇ ಸೆಕ್ಷನ್ ಅದರ ಉಸ್ತುವಾರಿ ಹೊತ್ತವರನ್ನೂ ಹಿಡಿಯುತ್ತದೆ, ಆದರೆ ‘ನನಗೆ ಗೊತ್ತಿರಲಿಲ್ಲ’ ಅಥವಾ ‘ತಡೆಯಲು ಎಲ್ಲ ಎಚ್ಚರಿಕೆ ವಹಿಸಿದ್ದೆ’ ಎಂದು ಸಾಬೀತು ಮಾಡಿದರೆ ಬಿಡುಗಡೆ. ಕ್ವೀನ್ಸ್‌ಲ್ಯಾಂಡ್ ಕಿತ್ತೆಸೆದ ವಾದ ನಮ್ಮ ಕಾಯ್ದೆಯೊಳಗೆ ಕೂತಿದೆ. ಅಲ್ಲಿರುವ, ವ್ಯಕ್ತಿಯನ್ನೇ ಹಿಂಬಾಲಿಸುವ 3 ವರ್ಷದ ನಿಷೇಧ ಇಲ್ಲಿಲ್ಲ. ಕಂಪನಿ ‘ಎ’ ಅರ್ಧಕ್ಕೆ ಬಿಟ್ಟ ಅಪಾರ್ಟ್‌ಮೆಂಟಿನ ಮುಂದೆ ಇಎಂಐ ಕಟ್ಟುತ್ತಾ ನಿಂತವರು, ಅದೇ ನಿರ್ದೇಶಕರ ಕಂಪನಿ ‘ಬಿ’ ಹೊಸ ಯೋಜನೆಗೆ ಅರ್ಜಿ ಹಾಕಿದಾಗ ರೇರಾ ಮುಂದೆ ಕೇಳಬೇಕಾದ ಪ್ರಶ್ನೆ ಇದು.