ಕೆಂಪುಗೈ ಏಡಿ

ಜಪಾನ್, ಕೊರಿಯ, ಚೀನ ಹಾಗೂ ತೈವಾನ್ ಕರಾವಳಿಗಳಲ್ಲಿ, ಹೆಚ್ಚಾಗಿ ನೆಲದ ಮೇಲೆಯೇ ಬಾಳುವ ಏಡಿ. ಸೆಸಾರ್ಮಿಡೇ ಕುಟುಂಬಕ್ಕೆ ಸೇರಿದ್ದು. ವೈಜ್ಞಾನಿಕ ನಾಮ ಕೈರೊಮ್ಯಾಂಟಿಸ್ ಹೀಮ್ಯಾಟೊಕೀರ್. ನಿಸರ್ಗ ಸಂಗ್ರಾಹಕ ಸೀಬೋಲ್ಡ್ ಜಪಾನಿನಿಂದ ಒಯ್ದ ಸಂಗ್ರಹವನ್ನು ಆಧರಿಸಿ ಲೈಡನ್ನಿನ ಪ್ರಾಣಿಶಾಸ್ತ್ರಜ್ಞ ಡಿ ಹಾನ್ 1833ರಲ್ಲಿ ಇದನ್ನು ವರ್ಣಿಸಿದ. ಹೆಸರಿನ ಗ್ರೀಕ್ ಮೂಲಕ್ಕೆ 'ನೆತ್ತರುಗೈ' ಎಂಬ ಅರ್ಥ. ಜಪಾನಿನ 'ಅಕಾತೆಗಾನಿ' ಎಂದರೂ ಕೆಂಪುಗೈ ಏಡಿಯೇ. ಕೊರಿಯದವರು ಮಾತ್ರ ಅಡುಗೆಮನೆಗೆ ನುಗ್ಗುವ ಇದರ ಚಾಳಿ ನೋಡಿ 'ಕಳ್ಳ ಏಡಿ' ಎಂದಿದ್ದಾರೆ.

ಬೆನ್ನಚಿಪ್ಪಿನ ಅಗಲ ಸುಮಾರು 3ರಿಂದ 4 ಸೆಂ.ಮೀ. ಚಿಪ್ಪಿನ ಮೇಲಿನ ಗೀರು ನಗುವ ಬಾಯಿಯಂತೆ ಕಾಣುತ್ತದೆ. ಬೆಳೆದ ಗಂಡಿನ ಇಕ್ಕಳಗಳು ಕಡುಗೆಂಪು. ಬಣ್ಣವೊಂದನ್ನೇ ನಂಬಿ ಗುರುತಿಸುವುದು ಸಲ್ಲದು: ಜೊತೆಯಲ್ಲೇ ಕಾಣಸಿಗುವ ಬೆಂಕೆ ಏಡಿಯೂ ಕೆಂಪಾಗಿರಬಹುದು. ಅದರ ಚಿಪ್ಪಿನ ಪಕ್ಕದಂಚಿನಲ್ಲಿ ಕಣ್ಣಿನ ಹಿಂದೆ ಒಂದು ಕಚ್ಚು ಇರುತ್ತದೆ, ಇದಕ್ಕಿಲ್ಲ.

ಅಳಿವೆಯ ಜೊಂಡು, ಕಲ್ಲುಕಟ್ಟಡದ ಸಂದು, ಗದ್ದೆಯ ಬದು, ಕಡಲಿಗೆ ಹತ್ತಿರದ ಗುಡ್ಡಗಾಡು ಇದರ ನೆಲೆಗಳು. ಮರವನ್ನೂ ಹತ್ತುತ್ತದೆ, ಚಳಿಗಾಲವನ್ನು ಬಿಲದಲ್ಲಿ ಕಳೆಯುತ್ತದೆ. ಎಲೆ, ಹುಳು, ಸತ್ತ ಪ್ರಾಣಿ ಯಾವುದೂ ಆದೀತು. ಕಿವಿರಗೂಡಿನಲ್ಲಿರುವ ನೀರನ್ನು ಬಾಯ ಬಳಿ ಹೊರಬಿಟ್ಟು, ಮೈಮೇಲೆ ಹರಿಸಿ ಗಾಳಿ ಬೆರೆಸಿಕೊಂಡು ಮತ್ತೆ ಒಳಗೆಳೆದುಕೊಳ್ಳುವುದರಿಂದ ನೆಲದ ಮೇಲೂ ಉಸಿರಾಡಬಲ್ಲದು. ಆ ನೀರು ಕಡಿಮೆಯಾದಾಗ ಬಾಯಲ್ಲಿ ನೊರೆ ಕಟ್ಟುತ್ತದೆ.

ಆದರೆ ಮರಿಗಳಿಗೆ ಉಪ್ಪುನೀರು ಬೇಕೇ ಬೇಕು. ಹೊಟ್ಟೆಯಡಿ ಮೊಟ್ಟೆಗಳನ್ನು ಹೊತ್ತ ಹೆಣ್ಣುಗಳು ಬೇಸಿಗೆಯಲ್ಲಿ, ಮುಖ್ಯವಾಗಿ ಜುಲೈ-ಆಗಸ್ಟ್ ತಿಂಗಳ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಗುಡ್ಡದಿಂದಿಳಿದು ಬರುತ್ತವೆ. ಕತ್ತಲಾದ ಮೇಲೆ, ಉಬ್ಬರದ ಹೊತ್ತಿಗೆ ನೀರಂಚಿನಲ್ಲಿ ನಿಂತು ಮೈ ಅಲುಗಿಸಿದರೆ, ಆಗಷ್ಟೇ ಒಡೆದ ಮೊಟ್ಟೆಗಳ ಸಾವಿರಾರು ಲಾರ್ವಾಗಳು ಇಳಿತದೊಂದಿಗೆ ಕಡಲು ಸೇರುತ್ತವೆ. ಈ ವೇಳೆ ಹೆಣ್ಣುಗಳಿಗೆ ಹೇಗೆ ತಿಳಿಯುತ್ತದೆ? ಕಡಲ ಏರಿಳಿತ ಕಾಣದ ಕಾಡಿನಲ್ಲಿದ್ದರೂ ಹೊತ್ತು ತಪ್ಪುವುದಿಲ್ಲ. ಜಪಾನಿನ ಮಸಾತ್ಸುನೆ ಸೈಗುಸಾ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೃತಕ ಬೆಳದಿಂಗಳ ಚಕ್ರವೊಂದರಿಂದಲೇ ಈ ಅರ್ಧಚಾಂದ್ರಮಾಸದ ಲಯ ಹೊಂದಿಕೊಂಡಿತು. ಮೊಟ್ಟೆಯೊಡೆಯುವ ಗಳಿಗೆಯನ್ನು ನಿಶ್ಚಯಿಸುವುದರಲ್ಲೂ ತಾಯಿಯ ಪಾತ್ರ ದೊಡ್ಡದೆಂದು ಅವರ ಮುಂದಿನ ಕೆಲಸ ತೋರಿಸಿತು: ಬಹಳ ಮೊದಲೇ ತಾಯಿಯಿಂದ ಬೇರ್ಪಡಿಸಿದ ಮೊಟ್ಟೆಗಳು ಒಟ್ಟಿಗೆ ಒಡೆಯುವ ಕ್ರಮವನ್ನೇ ಕಳೆದುಕೊಳ್ಳುತ್ತವೆ. ಈ ಏಡಿಯನ್ನು ಪಠ್ಯಗಳಿಗೆ ತಂದದ್ದು ಬಣ್ಣಕ್ಕಿಂತ ಹೆಚ್ಚಾಗಿ ಈ ಸಂಶೋಧನೆ.

ಬದುಕಿಗೆ ಕಾಡು, ಕಡಲು ಎರಡೂ ಬೇಕಾದ್ದರಿಂದ ನಡುವೆ ರಸ್ತೆಯೋ ಕಾಂಕ್ರೀಟ್ ಗೋಡೆಯೋ ಬಂದರೆ ಕಷ್ಟ. ಜಪಾನಿನ ಮಿಯುರಾ ಪರ್ಯಾಯದ್ವೀಪದ ಕೊಅಜಿರೊದಲ್ಲಿ ಸುಮಾರು 70 ಹೆಕ್ಟೇರಿನ ತೊರೆಯ ಜಲಾನಯನ ಪ್ರದೇಶವೊಂದು ಉಗಮದಿಂದ ಅಳಿವೆಯವರೆಗೆ ತುಂಡಾಗದೆ ಉಳಿದಿದೆ. ಅಲ್ಲಿನ ಸಂರಕ್ಷಣೆಯ ಗುರುತು ಈ ಏಡಿಯೇ.