ಪ್ರಮಾದವೂ ಪ್ರಮಾಣವೂ: ರಾಯಚೂರು ಸೀಮೆಯ ಸೇಂದಿ ಮತ್ತು ವಾಹನ ಕಾನೂನು

ಮದ, ಮದ್ಯ, ಮತ್ತ, ಉನ್ಮಾದ, ಪ್ರಮಾದ - ಈ ಐದು ಪದಗಳೂ ಸಂಸ್ಕೃತದ 'ಮದ್' ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಇಂದಿನ ಕನ್ನಡದಲ್ಲಿ 'ಪ್ರಮಾದ' ಎಂದರೆ ಕೇವಲ ತಪ್ಪು. ಆದರೆ ಅದರ ಮೂಲಾರ್ಥ ಎಚ್ಚರಗೇಡಿತನ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮಧು, ಮಾಂಸ, ಮದ್ಯಗಳ ತ್ಯಾಗವನ್ನು ಹೇಳುವಾಗ ಕಾರಣಗಳನ್ನು ಬೇರ್ಪಡಿಸಿದ್ದಾರೆ. ಮೊದಲೆರಡನ್ನು ಬಿಡಬೇಕಾದುದು ಜೀವಘಾತವನ್ನು ತಪ್ಪಿಸಲು. ಮದ್ಯವನ್ನು ಬಿಡಬೇಕಾದುದು ಪ್ರಮಾದವನ್ನು ತಪ್ಪಿಸಲು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವುದೂ ಪ್ರಮಾದದ ಮೂಲಕವೇ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಎಚ್ಚರಗೇಡಿಯಾಗಿ ವರ್ತಿಸಿದವನಿಗೆ ಎದುರಿನ ಜೀವಿ ಸತ್ತರೂ ಸಾಯದಿದ್ದರೂ ಹಿಂಸಾದೋಷ ತಪ್ಪದು.

ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಕುಡಿದು ವಾಹನ ನಡೆಸುವವನನ್ನು ಇಂದಿನ ಕಾನೂನು ನೋಡುವ ಬಗೆಯೂ ಇದಕ್ಕೆ ಹತ್ತಿರವಾಗಿದೆ. ಅಪಘಾತವಾಗಲೇಬೇಕೆಂದಿಲ್ಲ, ಯಾರೂ ಗಾಯಗೊಳ್ಳಬೇಕೆಂದಿಲ್ಲ; ಮತ್ತಿನಲ್ಲಿ ವಾಹನ ಹಿಡಿದಾಗಲೇ ಅಪರಾಧ ಪೂರ್ಣವಾಗುತ್ತದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲಾಗದು. ಆದರೆ ಎರಡಕ್ಕೂ ಎದುರಾದ ಪ್ರಶ್ನೆ ಒಂದೇ: ಒಬ್ಬನು ಎಚ್ಚರ ತಪ್ಪಿದ್ದಾನೆಂದು ತಿಳಿಯುವುದು ಹೇಗೆ?

ಬ್ರಿಟಿಷ್ ಇಂಡಿಯಾದ 1939ರ ಮೋಟಾರು ವಾಹನ ಕಾಯಿದೆ ಇದಕ್ಕೆ ಕೊಟ್ಟ ಉತ್ತರ ವರ್ತನೆಗೆ ಸಂಬಂಧಿಸಿದ್ದು. ವಾಹನವನ್ನು ಹತೋಟಿಯಲ್ಲಿಡಲಾರದಷ್ಟು ಅಮಲೇರಿತ್ತೆ ಎಂಬುದನ್ನು ಅದು ಕೇಳಿತು. ಮುಂದಿನ ತಿದ್ದುಪಡಿಗಳಲ್ಲಿ ನೋಟವು ವರ್ತನೆಯಿಂದ ವಸ್ತುವಿನ ಕಡೆಗೆ ಸರಿಯಿತು. 1988ರ ಕಾಯಿದೆಯ 185ನೆಯ ಕಲಮಿನ ಮೂಲರೂಪದಲ್ಲಿ, ಚಾಲಕನ ರಕ್ತದಲ್ಲಿ ಮದ್ಯಸಾರ ಎಷ್ಟೇ ಅಲ್ಪವಾಗಿದ್ದರೂ ಅಪರಾಧವೇ. 1994ರ ತಿದ್ದುಪಡಿ ಅದಕ್ಕೊಂದು ಅಂಕಿಯನ್ನು ಕೊಟ್ಟಿತು: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಬಾರದು. 2019ರ ತಿದ್ದುಪಡಿಯಿಂದ ಮೊದಲ ಅಪರಾಧಕ್ಕೆ ಆರು ತಿಂಗಳವರೆಗಿನ ಸೆರೆ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಹೀಗೆ ಪ್ರಮಾದವನ್ನು ಪ್ರಮಾಣದಿಂದ ಗುರುತಿಸುವ ಪದ್ಧತಿ ನೆಲೆಗೊಂಡಿತು. ಪ್ರಮಾಣ ಎಂದರೆ ಅಳತೆಯೂ ಹೌದು, ಸಾಕ್ಷ್ಯವೂ ಹೌದು.

ಈ ಅಳತೆಗೋಲು ಎಲ್ಲಿ ಮೊಟಕಾಗುತ್ತದೆ ಎಂಬುದನ್ನು ಅರಿಯಲು ರಾಯಚೂರು ಸೀಮೆಯನ್ನು ನೋಡಬೇಕು. ಕೃಷ್ಣಾ-ತುಂಗಭದ್ರೆಯರ ನಡುವಿನ ಈ ನಾಡು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ನಿಜಾಮರ ಆಡಳಿತಕ್ಕೆ ಅಬಕಾರಿಯು ದೊಡ್ಡ ಆದಾಯಮೂಲವಾಗಿತ್ತು. ಈಚಲು ಮರದಿಂದ ಇಳಿಸುವ ಸೇಂದಿ ಇಲ್ಲಿನ ದುಡಿಯುವ ಜನರ ಪಾನೀಯವಾಗಿತ್ತು. ಏಕೀಕರಣದ ಬಳಿಕ ಆಡಳಿತ ಬದಲಾಯಿತೇ ಹೊರತು ಬೊಕ್ಕಸಕ್ಕೂ ಮದ್ಯಕ್ಕೂ ಇದ್ದ ನಂಟು ಸಡಿಲವಾಗಲಿಲ್ಲ. ಕಾಲಕ್ರಮದಲ್ಲಿ ಈ ಸೀಮೆಯಲ್ಲಿ ಸೇಂದಿ ಮಾರಾಟಕ್ಕೆ ಪರವಾನಗಿ ನಿಂತಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯೂ ನಿಷಿದ್ಧವಾಯಿತು. ಗಡಿಯಾಚೆಯ ತೆಲಂಗಾಣದಲ್ಲಿ ಸೇಂದಿ ಮಾತ್ರ ಕಾನೂನುಬದ್ಧವಾಗಿಯೇ ಉಳಿದಿದೆ.

ಈ ತೆರಪನ್ನು ತುಂಬಿದ್ದು ಸಿ.ಎಚ್. ಪೌಡರ್. ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಈ ಹೆಸರನ್ನು ಕೇಳದವರು ವಿರಳ. ಇದು ಕ್ಲೋರಲ್ ಹೈಡ್ರೇಟ್. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1832ರಲ್ಲಿ ತಯಾರಿಸಿದ ಕ್ಲೋರಲ್‌ನಿಂದ ಬಂದ ಈ ವಸ್ತು 1869ರಲ್ಲಿ ನಿದ್ರೌಷಧವಾಗಿ ಬಳಕೆಗೆ ಬಂತು. ನೀರಿಗೆ ಇದನ್ನು ಬೆರೆಸಿ, ಬಣ್ಣ-ರುಚಿಗಳನ್ನು ಕೂಡಿಸಿದರೆ ಮರದ ಹಂಗಿಲ್ಲದ 'ಸೇಂದಿ' ಸಿದ್ಧವಾಗುತ್ತದೆ. ಮರ ಏರಿ ಇಳಿಸುವ ಕಸುಬಿಗೂ ಇದಕ್ಕೂ ಸಂಬಂಧವಿಲ್ಲ; ಆ ಕಸುಬು ಅಳಿದ ಜಾಗದಲ್ಲಿ ಬೆಳೆದ ವಿಷವಿದು.

ಇದನ್ನು ಕುಡಿದು ಬೈಕು ಹತ್ತಿದವನನ್ನು ಪೊಲೀಸರು ತಡೆದು ಯಂತ್ರಕ್ಕೆ ಊದಿಸಿದರೆಂದು ಭಾವಿಸೋಣ. ಯಂತ್ರವು ಉಸಿರಿನ ಮದ್ಯಸಾರವನ್ನು ಬಲ್ಲುದು. ಕ್ಲೋರಲ್ ಹೈಡ್ರೇಟನ್ನು ಅರಿಯದು. ಅವನ ಕಣ್ಣು ಮುಚ್ಚುತ್ತಿದ್ದರೂ ಅಂಕಿ 30ರ ಒಳಗೇ ಇರಬಹುದು. ಮಾದಕವಸ್ತುವಿನ ಅಮಲಿನಲ್ಲಿ ವಾಹನ ನಡೆಸುವುದನ್ನೂ 185ನೆಯ ಕಲಮು ಅಪರಾಧವೆಂದೇ ಹೇಳುತ್ತದೆ. ಆದರೆ ಅದನ್ನು ಸಾಧಿಸಲು ವೈದ್ಯರು, ರಕ್ತದ ಮಾದರಿ, ಪ್ರಯೋಗಾಲಯ ಬೇಕು. ಅಂಕಿ ಸುಲಭವಾಗಿ ದೊರೆತಾಗ ವರ್ತನೆಯನ್ನು ನೋಡುವ ಕಣ್ಣು ಮಂಜಾಗುತ್ತದೆ. 1939ರ ಹಳೆಯ ಪ್ರಶ್ನೆಯು ಇಂಥಲ್ಲಿ ಇನ್ನೂ ಜೀವಂತವಾಗಿದೆ.

ಇನ್ನೊಂದು ಪ್ರಶ್ನೆ ಕುಡಿದವನನ್ನು ದಾಟಿ ಹೋಗುತ್ತದೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದ ಅಂಗಡಿ ಇರಕೂಡದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರ್ 15ರಂದು ಹೇಳಿತು. ಚಾಲಕನ ರಕ್ತದಿಂದ ನೋಟವನ್ನೆತ್ತಿ ಮಾರುವವನ ಕಡೆಗೆ ಹೊರಳಿಸಿದ ತೀರ್ಪು ಅದು. ಮುಂದಿನ ವರ್ಷ ಸಣ್ಣ ಊರುಗಳಿಗೆ ಆ ಅಂತರವು 220 ಮೀಟರಿಗೆ ಇಳಿಯಿತು. ಪುರಸಭೆ, ನಗರಸಭೆಗಳ ವ್ಯಾಪ್ತಿಗೆ ವಿನಾಯಿತಿಯೂ ದೊರೆಯಿತು. 2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟು, ಗಾಂಧೀಜಿ ಹುತಾತ್ಮರಾದ ದಿನವಾದ ಜನವರಿ 30ರಂದು ಬೆಂಗಳೂರು ಸೇರಿದ ಮದ್ಯನಿಷೇಧ ಆಂದೋಲನದ ಪಾದಯಾತ್ರೆಯಲ್ಲಿ ರಾಯಚೂರು ಜಿಲ್ಲೆಯ ಕೂಲಿಕಾರ ಹೆಂಗಸರು ಮುಂಚೂಣಿಯಲ್ಲಿದ್ದರು. ಅವರು ಕೇಳಿದ್ದು ದಂಡದ ಏರಿಕೆಯನ್ನಲ್ಲ. ಊರಿನಲ್ಲಿ ಮದ್ಯವೇ ಸಿಗದಂತೆ ಮಾಡಿರೆಂದು.

ಅಳತೆಯಿಲ್ಲದೆ ನ್ಯಾಯಾಲಯ ನಡೆಯದು, ನಿಜ. ಆದರೆ ಪ್ರಮಾಣವು ಹಿಡಿಯುವುದು ಒಬ್ಬ ಚಾಲಕನನ್ನು ಮಾತ್ರ. ವಿಷದ ಪುಡಿಯನ್ನು ಗಡಿ ದಾಟಿಸಿದವನು, ಕಂಡೂ ಕಾಣದಂತಿದ್ದವನು, ಮದ್ಯದ ಆದಾಯವನ್ನು ನೆಚ್ಚಿ ಆಯವ್ಯಯ ಬರೆದ ಸರ್ಕಾರ - ಇವರಾರೂ ಯಂತ್ರಕ್ಕೆ ಊದುವುದಿಲ್ಲ. ಅವರನ್ನೂ ಒಳಗೊಳ್ಳಬಲ್ಲ ಪದ ನಮ್ಮ ಹಳೆಯ ಶಾಸ್ತ್ರಗಳಲ್ಲಿದೆ: ಪ್ರಮಾದ.