ಐಹೊಳೆಯ ಗುಡಿಗಳೂ ಕಿರುಮನೆಗಳೂ: ಕಟ್ಟಡದ ನಿಯಮಗಳ ಚರಿತ್ರೆ

ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನೂ ಪಟ್ಟದಕಲ್ಲನ್ನೂ ದಾಟಿ ಮುಂದೆ ಸಾಗಿದರೆ ಐಹೊಳೆಯನ್ನು ಸೇರುತ್ತೇವೆ. ಮೇಗುತಿಯಲ್ಲಿರುವ ಕ್ರಿ.ಶ. 634ರ ರವಿಕೀರ್ತಿಯ ಶಾಸನದಿಂದಲೂ ಅಯ್ಯಾವೊಳೆ ಐನೂರ್ವರ ವಣಿಕ್ಸಂಘದಿಂದಲೂ ಈ ಊರು ಇತಿಹಾಸಜ್ಞರಿಗೆ ಸುಪರಿಚಿತವಾಗಿದೆ. ಆದರೆ ಇಲ್ಲಿಯ ಗುಡಿಗಳ ನಡುವೆ ಬಾಳಿದ ಸಾಮಾನ್ಯರ ಕಿರುಮನೆಗಳ ಚರಿತ್ರೆಯು ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಅದರ ಒಂದು ಮುಖವನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಲಾಡಖಾನ ಗುಡಿಯ ಹೆಸರೇ ಇದಕ್ಕೆ ಮೊದಲ ಸಾಕ್ಷಿ. ಅದು ಯಾವ ದೇವತೆಯ ಹೆಸರೂ ಅಲ್ಲ. ಹಿಂದೊಮ್ಮೆ ಆ ಗುಡಿಯನ್ನೇ ಮನೆಯಾಗಿಸಿಕೊಂಡಿದ್ದವನ ಹೆಸರು. ಕಂಬಗಳ ನಡುವೆ ಗೋಡೆಯೆಬ್ಬಿಸಿ ಜನರು ವಾಸಿಸಿದ್ದರಿಂದ ಶಿಲ್ಪಗಳಿಗೆ ಹೊಗೆಯೂ ಹಾನಿಯೂ ತಗುಲಿದುದು ನಿಜ. ಆದುದರಿಂದ ರಕ್ಷಣೆಯ ಕಾನೂನು ಅನಾವಶ್ಯಕವಾಗಿತ್ತೆಂದು ಯಾರೂ ಹೇಳಲಾರರು.

ಆ ಕಾನೂನು ಹಂತಹಂತವಾಗಿ ಬೆಳೆಯಿತು. 1904ರ ಕಾಯಿದೆಯು ಸ್ಮಾರಕದ ರಕ್ಷಣೆಗೆ ತಳಹದಿ ಹಾಕಿತು. 1958ರ ಕಾಯಿದೆಯು ಅದನ್ನು ವಿಸ್ತರಿಸಿತು. 1992ರ ಜೂನ್ 16ರ ಅಧಿಸೂಚನೆಯು ಸಂರಕ್ಷಿತ ಎಲ್ಲೆಯಿಂದ 100 ಮೀಟರನ್ನು ನಿಷೇಧಿತ ಪ್ರದೇಶವೆಂದೂ ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶವೆಂದೂ ಸಾರಿತು. 2010ರ ತಿದ್ದುಪಡಿಯು ಈ ಅಳತೆಗಳನ್ನು ಕಾಯಿದೆಯೊಳಗೇ ಸೇರಿಸಿ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನು ನಿರ್ಮಿಸಿತು. ಉಲ್ಲಂಘನೆಗೆ 2 ವರ್ಷಗಳವರೆಗಿನ ಸೆರೆ, ಇಲ್ಲವೆ 1 ಲಕ್ಷ ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡೂ ವಿಧಿಸಬಹುದು.

ಒಂದೇ ಒಂದು ಬಿಂದುವಿನ ಸುತ್ತ 100 ಮೀಟರಿನ ವೃತ್ತವೆಳೆದರೂ ಸುಮಾರು 7 ಎಕರೆ 30 ಗುಂಟೆ ನೆಲ ಅದರೊಳಗೆ ಬರುತ್ತದೆ. ನೂರಕ್ಕೂ ಹೆಚ್ಚು ಗುಡಿಗಳಿರುವ ಊರಿನಲ್ಲಿ ಇಂಥ ವೃತ್ತಗಳು ಒಂದರ ಮೇಲೊಂದು ಬೀಳುವುದು ಸಹಜ.

ಇಲ್ಲಿ ಕಾಯಿದೆಯ ಎರಡು ಪದಗಳನ್ನು ಬೇರ್ಪಡಿಸಿ ನೋಡಬೇಕು. ನಿಷೇಧಿತ ಪ್ರದೇಶದಲ್ಲಿ 1992ಕ್ಕಿಂತ ಹಿಂದಿನ ಮನೆಯ ‘ದುರಸ್ತಿ’ಗೆ ಅನುಮತಿ ಬೇಡಬಹುದು, ‘ಪುನರ್ನಿರ್ಮಾಣ’ಕ್ಕೆ ಅಲ್ಲಿ ಅವಕಾಶವಿಲ್ಲ. ಅರ್ಜಿಯು 15 ದಿನಗಳಲ್ಲಿ ಪ್ರಾಧಿಕಾರಕ್ಕೆ ಹೋಗಬೇಕು; ಪ್ರಾಧಿಕಾರವು 2 ತಿಂಗಳಲ್ಲಿ ಅಭಿಪ್ರಾಯ ತಿಳಿಸಬೇಕು; ಆಮೇಲೆ 1 ತಿಂಗಳಲ್ಲಿ ತೀರ್ಮಾನವಾಗಬೇಕು. ಚರಂಡಿ, ಸಾರ್ವಜನಿಕ ಶೌಚಾಲಯ, ನೀರು, ವಿದ್ಯುತ್ತುಗಳ ಕೆಲಸವನ್ನು ‘ನಿರ್ಮಾಣ’ದ ಅರ್ಥದಿಂದ ಹೊರಗಿಟ್ಟಿದೆ.

ಈ ಭಾಗದ ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆಯು ಆಗಾಗ ಮಣ್ಣು ಹೊದಿಸಿ, ತೊಲೆ ಬದಲಿಸಿ ಉಳಿಸಿಕೊಳ್ಳಬೇಕಾದ ವಸ್ತು. ಮಳೆಗಾಲದಲ್ಲಿ ಗೋಡೆ ಕುಸಿದಾಗ ಅರ್ಜಿಯ ಮೂರೂವರೆ ತಿಂಗಳು ದೀರ್ಘವಾದ ಅವಧಿಯೇ ಸರಿ. ಮನೆ ಪೂರ್ಣವಾಗಿ ಬಿದ್ದರಂತೂ ದುರಸ್ತಿಯೆಂಬ ಪದಕ್ಕೆ ಎಡೆಯಿಲ್ಲದಂತಾಗುತ್ತದೆ. ಬೇರೆಡೆ ನೆಲವುಳ್ಳವನು ಅಲ್ಲಿ ಕಟ್ಟಿಕೊಂಡಾನು. ಎರಡಂಕಣದ ಮನೆಯೊಂದೇ ಆಸ್ತಿಯಾದವನಿಗೆ ಆ ದಾರಿಯಿಲ್ಲ. ಅಳತೆ ಎಲ್ಲರಿಗೂ ಒಂದೇ. ಭಾರ ಮಾತ್ರ ಒಂದೇ ಅಲ್ಲ.

ಊರನ್ನೇ ಬೇರೆಡೆ ನೆಲೆಗೊಳಿಸುವ ಮಾತು ಹಲವು ಸಲ ಬಂದುಹೋಗಿದೆ. ಆದರೆ ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಉಪವಿಧಿಗಳನ್ನು ರಚಿಸಬೇಕೆಂದು 2010ರ ತಿದ್ದುಪಡಿಯೇ ವಿಧಿಸಿದೆ. ಎತ್ತರ, ಸಾಮಗ್ರಿ, ಮಾಳಿಗೆಗಳ ವಿಷಯದಲ್ಲಿ ಸ್ಥಳೀಯ ವಾಡಿಕೆಯನ್ನು ಅರಿತು ಅವುಗಳನ್ನು ರಚಿಸಿದರೆ, ದುರಸ್ತಿಯ ಅನುಮತಿಯಾದರೂ ಸುಗಮವಾದೀತು. ಬಿದ್ದ ಮನೆಯ ಪ್ರಶ್ನೆಗೆ ಕಾಯಿದೆಯ ತಿದ್ದುಪಡಿಯೇ ಬೇಕು. ಗುಡಿಗೆ ಹೆಸರು ಕೊಟ್ಟವನು ಅದರೊಳಗೆ ಬಾಳಿದ ಮನುಷ್ಯನೆಂಬುದನ್ನು ಮರೆತು ಬರೆದ ಐಹೊಳೆಯ ಚರಿತ್ರೆಯು ಅಪೂರ್ಣವೆಂದೇ ಹೇಳಬೇಕಾಗುತ್ತದೆ.